ಗ್ಲೌಸಿನ ನೊರೆ

ಮುಂಬೈಯ ದಹಿಸರ್‌ನ ಚಾಳಿನ ನಲ್ಲಿಯ ಕೆಳಗೆ ಗ್ಲೌಸ್ ಹಿಡಿದದ್ದೇ ತಡ, ಬುಳುಬುಳು ನೊರೆ ಬಂತು. ಸೋಪಿನ ನೊರೆ! ನೇತ್ರಾಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಮಾಟುಂಗದ ಕನ್ನಡ ವಾರಪತ್ರಿಕೆಯ ವರದಿಗಾರ್ತಿ. ಗ್ಲೌಸ್ ಯಲ್ಲಾಲಿಂಗನದು. ವಿಜಯಪುರದಿಂದ ಬಂದ ಗೌಂಡಿಯ ಮಗ, ಬೊರಿವಲಿಯ ಕ್ಲಬ್ಬೊಂದರ ಗೋಲ್‌ಕೀಪರ್. ಸೋಮವಾರದ ಫೈನಲ್‌ನಲ್ಲಿ, ಜೂನಿಯರ್ ತಂಡದ ಆಯ್ಕೆದಾರರ ಕಣ್ಣೆದುರೇ, ಸಣ್ಣ ಮಕ್ಕಳೂ ಹಿಡಿಯಬಹುದಾದ ಚೆಂಡು ಅವನ ಕೈಯಿಂದ ಜಾರಿ ಗೋಲಾಯಿತು. ‘ಮ್ಯಾಚ್ ಮಾರಿಕೊಂಡ’ ಎಂದು ಕ್ಲಬ್ಬು ಮರುದಿನವೇ ಹೊರಗೆ ಹಾಕಿತು. ವಿಡಿಯೊ ಊರೆಲ್ಲ ಸುತ್ತಿತು. ಮೊದಲ ಸೀಸನ್ನೇ ಕೊನೆಯದಾಯಿತು. ಕೇಳುವವರಿಲ್ಲದವನ ಹೆಸರು ಕೆಡಿಸುವುದು ಎಷ್ಟು ಸಲೀಸು!

“ಅವ್ವ, ಸೋಪು ಹಾಕಿ ತೊಳೆದಿದ್ರಾ?”

“ಮುಟ್ಟೇ ಇಲ್ಲವ್ವಾ,” ಎಂದಳು ತಾಯಿ ಗುರುಬಾಯಿ. “ಅವತ್ತಿಂದ ಚೀಲದಾಗ ಬಿದ್ದಾವ.”

“ಮೊದಲ ಅರ್ಧ ಛಲೋ ಇತ್ತರೀ ಅಕ್ಕ,” ಎಂದ ಯಲ್ಲಾಲಿಂಗ. “ಹಸಿ ಇದ್ರ ಗ್ಲೌಸ್ ಗಟ್ಟಿ ಹಿಡೀತಾವಂತ ಕೋಚ್ ಕಲಿಸಿದ್ರು. ಬ್ರೇಕ್ ಆದಮ್ಯಾಲೆ ಬಾಟ್ಲಿ ನೀರು ಹಾಕ್ಕೊಂಡೆ. ಜಾರಾಕ ಹತ್ತಿದ್ವು. ಕೆಸರು ಅನ್ಕೊಂಡೆ.”

“ಆ ನೀರು ಕುಡಿಲಿಲ್ವಾ?”

“ಶ್ರಾವಣ ಸೋಮವಾರದ ಉಪಾಸ ಅಲ್ರೀ, ನೀರೂ ಕುಡಿಯಂಗಿಲ್ಲ. ಹುಡುಗ್ರು ನಗತಾರಂತ ಟೀಮ್‌ನ್ಯಾಗ ಯಾರಿಗೂ ಹೇಳಿರ್ಲಿಲ್ಲ.”

*

ನೇತ್ರಾಳ ಅನುಮಾನ ನೇರವಾಗಿ ಶೀತಲ್‌ನ ಮೇಲೆ ಹೋಯಿತು. ಎರಡನೇ ಗೋಲ್‌ಕೀಪರ್. ಕೋಚ್ ಶಶಿಕಾಂತನ ಅಕ್ಕನ ಮಗ. ಆಯ್ಕೆಯಾದದ್ದೂ ಅವನೇ. ತಾಯಿ ಮಗನನ್ನು ಕರೆದುಕೊಂಡು ಅವಳು ಕ್ಲಬ್ಬಿಗೆ ನುಗ್ಗಿದಳು.

“ಬ್ರೇಕ್‌ನಲ್ಲಿ ಇವನ ಹತ್ತಿರ ಯಾಕೆ ಹೋಗಿದ್ದೆ?”

“ಗ್ಲುಕೋಸ್ ಪಾನಿ ಕೊಡಾಕ,” ಎಂದ ಶೀತಲ್. “ದೋ ಬಾರ್ ಕೊಟ್ಟೆ. ಹೊಟ್ಟಿ ಖರಾಬ್ ಅದ, ಬ್ಯಾಡ ಅಂದ.”

ಶಶಿಕಾಂತ ನಿಟ್ಟುಸಿರು ಬಿಟ್ಟ. “ಪಾಪ, ಹುಡುಗ ಬೆಳಿಗ್ಗಿಂದ ಒಂದು ಗುಟುಕು ನೀರು ಕುಡಿದಿರ್ಲಿಲ್ರೀ ಮೇಡಂ. ಕೈ ಸೋತಿರಬೇಕು.”

ನೇತ್ರಾ ಗಕ್ಕನೆ ತಿರುಗಿದಳು. “ನಿಮಗೆ ಯಾರು ಹೇಳಿದ್ರು?”

ಶಶಿಕಾಂತನ ನೋಟ ಗುರುಬಾಯಿಯ ಕಡೆ ಹೊರಳಿತು.

“ನಾನ ಹೇಳಿದ್ದೆ,” ಎಂದಳು ಗುರುಬಾಯಿ. “ನಮ್ಮ ಕಡಿಯವರು, ಉಪಾಸದ ಹುಡುಗನ್ನ ನೋಡ್ಕೋತಾರ ಅಂತ ಮ್ಯಾಚ್ ದಿನ ಗೇಟಿನಾಗ ಹೇಳಿದ್ದೆ.”

“ನೀರಿನ ಬಾಟಲಿಗೆ ಸೋಪು ಹಾಕಿದವನು ಮೊದಲ ಗುಟುಕಿಗೇ ಸಿಕ್ಕಿಬೀಳ್ತಾನೆ,” ಎಂದಳು ನೇತ್ರಾ. “ಇವನು ಕುಡಿಯೋದಿಲ್ಲ ಅಂತ ಗೊತ್ತಿದ್ದವನೇ ಹಾಕಿದ್ದು. ಶೀತಲ್‌ಗೆ ಗೊತ್ತಿದ್ದರೆ ಗ್ಲುಕೋಸ್ ಹಿಡ್ಕೊಂಡು ಹೋಗ್ತಿರಲಿಲ್ಲ. ಬ್ರೇಕ್‌ನಲ್ಲಿ ಬಾಟಲಿ ತುಂಬಿಸಿದ್ದು ಯಾರು?”

ಶೀತಲ್‌ನ ಮುಖ ಬಿಳುಚಿತು. “ಮಾಮಾ... ನೀವ ತುಂಬಿಸಿದ್ರಿ.”

“ನಿನ್ನ ಸಲುವಾಗಿ ಮಾಡಿದ್ನಲ್ಲೋ!” ಶಶಿಕಾಂತ ಕಿರುಚಿದ.

“ನಾನು ಕೇಳಿದ್ನೇನು?” ಶೀತಲ್ ಅಳತೊಡಗಿದ.

ಎಂಥ ನೀಚತನ! ಗ್ಲೌಸ್ ಒದ್ದೆ ಮಾಡಿಕೊಳ್ಳಲು ಕಲಿಸಿದವನೇ ಅದರಿಂದಲೇ ಅವನ ಕತ್ತು ಕೊಯ್ದಿದ್ದ.

ಅಲ್ಲೇ ಕುಳಿತಿದ್ದ ಕಾರ್ಯದರ್ಶಿ ಧರ್ಮಣ್ಣ ಗಂಟಲು ಸರಿಮಾಡಿಕೊಂಡರು. “ತಪ್ಪಾಯ್ತು. ಮುಂದಿನ ಸೀಸನ್ ಬಾರಪ್ಪ.”

“ಮುಂದಿನ ಸೀಸನ್‌ಗೆ ನನ್ನ ವಯಸ್ಸು ದಾಟತದರೀ,” ಎಂದ ಯಲ್ಲಾಲಿಂಗ. “ಹೋದದ್ದು ಹೋತು.”

ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಚ್‌ನ ಎದುರು ನಿಂತಳು.

“ನಡೀಯಪ್ಪಾ ನಮ್ಮ ಚಾಳಿಗೆ. ಒಂದೊಂದು ಬಾಗಿಲಾಗೂ ನಿಂತು, ನನ್ನ ಮಗ ಮಾರ್ಕೊಂಡಿಲ್ಲ ಅಂತ ನಿನ್ನ ಬಾಯಿಲೇ ಹೇಳು. ಆಮ್ಯಾಲೆ ಪೊಲೀಸ್ರ ಹತ್ರ ಹೋಗೂಣು.”

ಶಶಿಕಾಂತ ಧರ್ಮಣ್ಣನವರ ಮುಖ ನೋಡಿದ. ಅವರು ಕಿಟಕಿಯ ಕಡೆ ತಿರುಗಿದರು. ಅವನು ತಲೆ ತಗ್ಗಿಸಿ ಗುರುಬಾಯಿಯ ಹಿಂದೆ, ದಹಿಸರ್‌ನ ರೈಲು ಹಿಡಿಯಲು ಸ್ಟೇಷನ್ ಕಡೆ ನಡೆದ.