ಇಪ್ಪತ್ತರ ಆಚೆಯ ಎಲೆಗಳು

"ನನ್ನ ಗಾಡಿಗೆ ಕೈ ಹಾಕಿದ್ದು ಯಾರು? ಬಾಯಿ ಬಿಡ್ತೀಯೋ ಇಲ್ವೋ ಮೇಸ್ತ್ರಿ?"

ಡ್ರೈವರ್ ಗುಡುಗು ಶೆಡ್ಡಿನ ಬಾಗಿಲನ್ನು ಒದ್ದೇ ಒಳಗೆ ಬಂದಿದ್ದ. ಅವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

"ಯಾರ ಗಾಡಿ? ಕಾಗದ ನನ್ನ ಹೆಸರಲ್ಲಿದೆ ಕಣಯ್ಯ. ನೀನು ಓಡಿಸೋನು ಅಷ್ಟೇ," ಎಂದ ಮೇಸ್ತ್ರಿ, ಸ್ಟೂಲಿನ ಮೇಲಿಂದ ಏಳದೆ.

"ರೇಸಿನ ತಪಾಸಣೆಯವನು ಈಗ ತಾನೇ ಟರ್ಬೊಗೆ ಅವನ ಮೀಟರ್ ಸಿಕ್ಕಿಸಿ ನೋಡಿದ. ನನ್ನ ಮೀಟರ್ ಇಪ್ಪತ್ತು ಅಂತಿದೆ, ಅವನದು ಹದಿನೈದು ಅಂತಿದೆ! ಐದು ರೇಸ್ ಸೋತಿದ್ದೀನಿ. ಐದೂ ಕೂದಲೆಳೆಯಲ್ಲಿ. ಎದುರಿನವರ ಜೊತೆ ಕೈ ಜೋಡಿಸಿದ್ದೀಯಾ ನೀನು?"

ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರ್ ಗೋಡೆಗೆ ಬಡಿದು ನೆಲಕ್ಕೆ ಬಿತ್ತು. "ಈ ಟ್ರಕ್ಕಿಗೆ ಒಂದು ಕಾಲು ಕೊಟ್ಟವನು ನಾನು! ನನ್ನ ಮುಂದೆ ನಿಂತು ಈ ಮಾತಾ?"

"ಅಣ್ಣನ್ನ ಬಿಡು," ಎಂದಿತು ಟ್ರಕ್ಕಿನ ಆ ಮಗ್ಗುಲಿನಿಂದ ಒಂದು ದನಿ. "ಮಾಡಿದ್ದು ನಾನು."

ಬಾಗಿಲಿನ ಮೇಲೆ ನಂಬರ್ ತಿದ್ದುತ್ತಿದ್ದ ಮೇಸ್ತ್ರಿಯ ತಂಗಿ ಎದ್ದು ನಿಂತಳು. ಕೆನ್ನೆಗೆ ಒಂದು ಚೂರು ಬಿಳಿ ಬಣ್ಣ ಮೆತ್ತಿತ್ತು. ಬೇರೆ ದಿನವಾಗಿದ್ದರೆ ಗುಡುಗು ಹೆಬ್ಬೆರಳಿನಿಂದ ಒರೆಸುತ್ತಿದ್ದ, ಅವಳು "ಗ್ರೀಸ್ ಕೈ ತೆಗಿ!" ಎಂದು ಗದರಿಸಿ, ಒರೆಸಿ ಮುಗಿಯುವವರೆಗೂ ಮುಖವನ್ನು ಮಾತ್ರ ಅಲ್ಲಿಂದ ಕದಲಿಸುತ್ತಿರಲಿಲ್ಲ.

ಈಗ ಅವನ ಕೈ ಏಳಲಿಲ್ಲ.

ಆ ಟ್ರಕ್ಕನ್ನು ಓಟ ಶುರುವಾಗುವ ಗೆರೆಯಿಂದ ಬಿಡುವುದೆಂದರೆ ಹುಡುಗಾಟವಲ್ಲ. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಲರೇಟರ್ ಮೇಲೆ. ಗಾಡಿ ನಿಂತಲ್ಲೇ ಗಡಗಡ ನಡುಗಬೇಕು. ಟರ್ಬೊ ಸಿಳ್ಳೆ ಹಾಕುತ್ತಾ ಎಂಜಿನ್ನಿಗೆ ಗಾಳಿ ತುರುಕಬೇಕು. ಆ ಗಾಳಿಯ ಒತ್ತಡ ತೋರಿಸುವ ಮುಳ್ಳು ಇಪ್ಪತ್ತಕ್ಕೆ ಬಂದಾಗ ಬ್ರೇಕ್ ಬಿಟ್ಟರೆ ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿ ನೆಗೆಯುತ್ತವೆ. ಎರಡು ವರ್ಷದ ಹಿಂದೆ ಮೇಸ್ತ್ರಿ ಹಾಗೆಯೇ ಬಿಟ್ಟಿದ್ದ. ಮುಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟ್ ತುಂಡಾಗಿ, ನೆಲದ ತಗಡನ್ನು ಸೀಳಿಕೊಂಡು ಒಳಗೆ ನುಗ್ಗಿ, ಅವನ ಎಡ ಮೊಣಕಾಲಿನ ಕೆಳಗಿನದ್ದನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಹೊಸ ಶಾಫ್ಟ್ ಹಾಕಿಸಿದ ಮೇಲೆ ಆ ಸೀಟಿನಲ್ಲಿ ಕೂತವನು ಗುಡುಗು.

"ಮೀಟರಿಗೆ ಡಯಲ್ ಹಾಳೆ ಬರೆದುಕೊಟ್ಟೆನಲ್ಲ, ಅದರಲ್ಲಿ ಹದಿನೈದು ಇರೋ ಜಾಗದಲ್ಲಿ ಇಪ್ಪತ್ತು ಬರೆದೆ," ಎಂದಳು ಅವಳು.

ಗುಡುಗು ಟ್ರಕ್ಕಿನ ಕಿಟಕಿಯೊಳಗೆ ಬಗ್ಗಿ ಡಯಲ್ ನೋಡಿದ.

ಆ ಡಯಲ್! ಹಳೆಯದು ಮಾಸಿಹೋಗಿದೆ ಎಂದು ಅವಳೇ ಕೂತು, ಒಂದೆಳೆ ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಬರೆದುಕೊಟ್ಟದ್ದು. ಇಪ್ಪತ್ತರವರೆಗೆ ಮುದ್ದಾದ ಅಂಕೆಗಳು, ಅದರಾಚೆ ಪುಟ್ಟ ಪುಟ್ಟ ಹಸಿರು ಎಲೆಗಳ ಬಳ್ಳಿ. ದಿನಾ ಗಾಡಿ ಹತ್ತುವ ಮುಂಚೆ ಅವನು ಅದರ ಗಾಜನ್ನು ಬೆರಳಿನಿಂದ ಸವರುತ್ತಿದ್ದ. ಅವಳು ಕೊಟ್ಟ ಮೊದಲ ಉಡುಗೊರೆ ಅದು.

ಅದು ಐದು ತಿಂಗಳಿಂದ ಅವನಿಗೆ ಸುಳ್ಳು ಹೇಳುತ್ತಿತ್ತು.

"ಯಾಕೆ?" ಎಂದ. ದನಿ ಅವನದೇ ಅನ್ನಿಸಲಿಲ್ಲ. "ಗೆದ್ದ ದಿನ ನಿಮ್ಮಣ್ಣನ ಹತ್ರ ನಿನ್ನನ್ನ ಕೇಳ್ತೀನಿ ಅಂದಿದ್ದೆ. ಮರೆತುಬಿಟ್ಯಾ?"

"ಮರೆತಿಲ್ಲ. 'ಸೋತ ದಿನ?' ಅಂತ ನಾನು ಕೇಳಿದ್ದೆ. 'ಸೋತವನಿಗೆ ಯಾರು ಹೆಣ್ಣು ಕೊಡ್ತಾರೆ?' ಅಂತ ನೀನು ನಕ್ಕಿದ್ದೆ."

ಮೇಸ್ತ್ರಿ ಇಬ್ಬರ ಮುಖವನ್ನೂ ಬಿಟ್ಟ ಕಣ್ಣಿನಿಂದ ನೋಡಿದ. ಇದೊಂದೂ ಅವನಿಗೆ ಗೊತ್ತಿರಲಿಲ್ಲ. "ಏನೇ ಇದು?" ಎಂದಷ್ಟೇ ಬಾಯಿಂದ ಹೊರಟಿತು.

"ಅವತ್ತು ಗೆರೆ ಪಕ್ಕದಲ್ಲಿ ನಿಂತಿದ್ದವಳು ನಾನು ಅಣ್ಣ. ಶಾಫ್ಟ್ ಮುರಿದ ಸದ್ದು ನನ್ನ ಕಿವಿಯಲ್ಲೇ ಇದೆ. ಅದೇ ಸೀಟಲ್ಲಿ ಇವನು ಕೂತ. ಬೇಡ ಅಂದ್ರೆ ಕೇಳೋ ಗಂಡಸಾ ಇವನು? ಸೋಲಲಿ, ಕಾಲಿರಲಿ ಅಂದ್ಕೊಂಡೆ." ಗುಡುಗುವಿನ ಕಡೆ ತಿರುಗಿದಳು. "ಒಂದೊಂದು ಸಲ ಸೋತು ಬಂದಾಗಲೂ ಇವತ್ತು ಕೇಳ್ತಾನೆ, ಗೆಲ್ಲದಿದ್ರೂ ಕೇಳ್ತಾನೆ ಅಂತ ಕಾದೆ. ಐದು ಸಲ ಕಾದೆ ಕಣೋ."

ಆಗ ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಗಂಟಲವರೆಗೆ ಬಂದಿತ್ತು ಆ ಮಾತು. ಆದರೆ ಸಿಟ್ಟು ಅದನ್ನು ತಳ್ಳಿ ತಾನು ಮುಂದೆ ಬಂತು.

"ಎಲ್ಲರೂ ನನ್ನನ್ನ ನೋಡಿ ನಕ್ಕರು. ನೀನು ನಿಂತು ನೋಡಿದೆ. ನಿನ್ನ ಪ್ರೀತಿ ನಿನ್ನ ಹತ್ರಾನೇ ಇಟ್ಕೋ!"

ಧ್ವನಿವರ್ಧಕ ಕೊನೆಯ ಓಟಕ್ಕೆ ಅವನನ್ನು ಕರೆಯಿತು. ಅವನು ಟ್ರಕ್ ಹತ್ತಿ ಬಾಗಿಲು ಎಳೆದುಕೊಂಡ. ಅವಳು ಕಿಟಕಿಯ ಹತ್ತಿರ ಬಂದಳು. ಬೇಡಿಕೊಳ್ಳಲೂ ಇಲ್ಲ, ಅಳಲೂ ಇಲ್ಲ.

"ನಿಜವಾದ ಇಪ್ಪತ್ತು ಮೂರನೇ ಎಲೆ ಹತ್ರ ಇದೆ," ಎಂದಳು. "ಇನ್ನು ಸುಳ್ಳಿಲ್ಲ. ಅಲ್ಲಿಗೆ ಬಂದಾಗ ಬ್ರೇಕ್ ಬಿಡ್ತೀಯೋ ಬಿಡಲ್ವೋ, ನಿನ್ನಿಷ್ಟ."

ಗೆರೆಯ ಮೇಲೆ ಗಾಡಿ ನಿಂತಿತು. ಎದುರು ಕಾಲು ಮೈಲಿ ನೇರ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಅವನು ನಾಲ್ಕು ಚಕ್ರದ ಗೇರ್ ಹಾಕಿ ಬ್ರೇಕನ್ನು ಅದುಮಿದ, ಆಕ್ಸಲರೇಟರ್ ಒತ್ತಿದ. ಟ್ರಕ್ಕು ಕಟ್ಟಿಹಾಕಿದ ಗೂಳಿಯಂತೆ ನಡುಗತೊಡಗಿತು.

ಆಗಲೇ ಕನ್ನಡಿಯಲ್ಲಿ ಅವಳು ಕಂಡಳು. ಬಣ್ಣದ ಪೆಟ್ಟಿಗೆ ಹಿಡಿದು ಗೇಟಿನ ಕಡೆ ನಡೆಯುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು.

ಇಳಿದು ಓಡಬಹುದಿತ್ತು. ಹತ್ತು ಹೆಜ್ಜೆ ಓಡಿ ಕೂಗಿದ್ದರೆ ಕೇಳಿಸುತ್ತಿತ್ತು. 'ಬರ್ತಾಳೆ ಬಿಡು, ಗೆದ್ದು ಹೋಗಿ ಕರೆದ್ರೆ ಬರ್ತಾಳೆ' ಅಂದುಕೊಂಡ.

ಮುಳ್ಳು ಇಪ್ಪತ್ತನ್ನು ದಾಟಿತು. ಅವಳು ಬರೆದ ಎಲೆಗಳ ಮೇಲೆ ನಡೆಯಿತು. ಒಂದು. ಎರಡು. ಮೂರು.

ಹಸಿರು ದೀಪ ಹತ್ತಿತು. ಅವನು ಬ್ರೇಕ್ ಬಿಟ್ಟ.

ಬೆನ್ನಿಗೆ ಯಾರೋ ಗುದ್ದಿದಂತಾಗಿ ಗಾಡಿ ನೆಗೆಯಿತು. ಅಂಥ ನೆಗೆತವನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ. ಪಕ್ಕದ ಗಾಡಿ ಹಿಂದೆ ಬಿತ್ತು. ಕೊನೆಗೆರೆಯ ಹತ್ತಿರ ಕಾಲ ಕೆಳಗೆ 'ಟಕ್' ಎಂದು ಒಂದು ಸಣ್ಣ ಸದ್ದಾಯಿತು. ಅಷ್ಟರಲ್ಲಿ ಅವನು ಗೆದ್ದಾಗಿತ್ತು.

ಶೆಡ್ಡಿಗೆ ಬಂದಾಗ ಅವನ ಕೈಯಲ್ಲಿ ಗೆದ್ದ ಚೀಟಿ ಇತ್ತು. ಮೇಸ್ತ್ರಿ ಅದನ್ನು ನೋಡಲೇ ಇಲ್ಲ. ಟಾರ್ಚ್ ಹಿಡಿದು, ಕೃತಕ ಕಾಲನ್ನು ಎಳೆದುಕೊಂಡು ಟ್ರಕ್ಕಿನ ಅಡಿಗೆ ತೂರಿದ. ಹೊರಗೆ ಬಂದು ಟಾರ್ಚನ್ನು ಗುಡುಗುವಿನ ಕೈಗೆ ಕೊಟ್ಟ.

"ಮುಂದಿನ ಶಾಫ್ಟಿನ ಜಾಯಿಂಟ್ ಸೀಳಿದೆ. ಇನ್ನೊಂದು ಸಲ ಹೀಗೆ ಬಿಟ್ಟಿದ್ರೆ ನೀನೂ ನನ್ನ ಹಾಗೇ ಸ್ಟೂಲ್ ಮೇಲೆ."

ಗುಡುಗು ಬಗ್ಗಿ ಆ ಸೀಳನ್ನು ನೋಡಿದ. ಟ್ರಕ್ಕಿನ ಚಕ್ರ ಹಿಡಿದು ನಿಂತ. "ಮೇಸ್ತ್ರಿ, ನಿನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು," ಎಂದ.

"ಗೊತ್ತಾಯ್ತು. ಕೇಳ್ಬೇಕಾಗಿದ್ದು ನನ್ನನ್ನಲ್ಲ."

ಅವನು ಗೇಟಿಗೆ ಓಡಿದ. ಕಾವಲುಗಾರ ಹಣೆ ಕೆರೆದುಕೊಂಡ.

"ಬಣ್ಣದ ಪೆಟ್ಟಿಗೆಯವರಾ? ಗಾಡಿ ಬಿಡೋ ಹೊತ್ತಿಗೆ ಇಲ್ಲೇ ನಿಂತ್ರು. ಕಣ್ಣು ಗಟ್ಟಿ ಮುಚ್ಕೊಂಡು ಕೇಳಿಸ್ಕೊಳ್ತಾ ಇದ್ರು. ಗಾಡಿ ಪೂರಾ ಹೋಗಿ ಮುಟ್ತು, ಜನ ಚಪ್ಪಾಳೆ ಹೊಡೆದ್ರು. ಆಮೇಲೆ ಉಸಿರು ಬಿಟ್ಟು ಹೊರಟ್ರು."

"ಏನಾದ್ರೂ ಹೇಳಿದ್ರಾ?"

"'ಏನೂ ಮುರೀಲಿಲ್ಲ ಅಲ್ವಾ?' ಅಂತ ಕೇಳಿದ್ರು. ಇಲ್ಲ ಅಂದೆ."

ರಸ್ತೆ ಎರಡೂ ಕಡೆ ಖಾಲಿಯಾಗಿತ್ತು.

ಅವಳು ಆ ಶೆಡ್ಡಿಗೆ ಮತ್ತೆ ಬರಲಿಲ್ಲ. ಅಣ್ಣನಿಗೆ ಫೋನ್ ಮಾಡುತ್ತಾಳೆ, ಬೇರೆ ಊರಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಾಳೆ. ಊರು ಯಾವುದೆಂದು ಮೇಸ್ತ್ರಿ ಹೇಳುವುದಿಲ್ಲ. ಶೆಡ್ಡಿನಲ್ಲಿ ಅವಳು ಬಣ್ಣ ಬರೆಯುತ್ತಿದ್ದ ಮೇಜನ್ನು ಗುಡುಗು ಹಾಗೇ ಬಿಟ್ಟಿದ್ದಾನೆ. ಅದರ ಮೇಲೆ ಒಂದೆಳೆ ಕೂದಲಿನ ಆ ಕುಂಚ ಇದೆ. ಅವಸರದಲ್ಲಿ ಮರೆತು ಹೋಗಿರಬೇಕು ಎಂದು ಮೊದಮೊದಲು ಅಂದುಕೊಂಡಿದ್ದ. ಒಂದು ದಿನ ಎತ್ತಿ ನೋಡಿದ. ಚೆನ್ನಾಗಿ ತೊಳೆದು, ಒರೆಸಿ, ನೆಟ್ಟಗೆ ಇಟ್ಟು ಹೋಗಿದ್ದಳು.