ಕವಲಿನಲ್ಲಿ ಕಾದವನು

“ನನ್ನ ಗಾಡಿ ಮುಟ್ಟಬೇಡಿ!”

ಚಕ್ರದ ಪಕ್ಕ ಮಂಡಿಯೂರಿ ಗಾಳಿ ಇಳಿಸುತ್ತಿದ್ದವನು ತಲೆಯೆತ್ತಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಅವನೇ! ಯಾರ ಮುಖ ಎದುರಾಗಬಾರದೆಂದು ಎರಡು ವರ್ಷ ಊರಿನ ಅರ್ಧ ರಸ್ತೆಗಳನ್ನೇ ತೊರೆದಿದ್ದಳೋ, ಆ ಸರ್ವೇಯರ್!

“ಮುಂದೆ ಬರೀ ಕಲ್ಲು ಹಾದಿ. ಗಾಳಿ ಇಷ್ಟು ಬಿಗಿ ಇದ್ರೆ ಟೈರ್ ಸೀಳುತ್ತೆ,” ಎಂದ ಮೆಲ್ಲಗೆ.

“ಸೀಳಲಿ ಬಿಡಿ. ಬಿಟ್ಟುಹೋಗೋದು ನಿಮಗೆ ಹೊಸದಲ್ವಲ್ಲ!”

ಅವನು ಕೈಯ ಧೂಳು ಕೊಡವಿ ಎದ್ದುಹೋದ. ‘ತಪ್ಪು ಮಾಡಿದವನ ಬಾಯಲ್ಲಿ ಮಾತೆಲ್ಲಿ ಬರುತ್ತೆ?’ ಎಂದುಕೊಂಡಳು.

ಜೀಪ್ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ದಾರಿ ಕವಲೊಡೆಯುವಲ್ಲಿ ಪ್ರತಿಯೊಂದು ಗಾಡಿಯೂ ನಿಲ್ಲಬೇಕು; ಹಿಂದಿನ ಗಾಡಿ ಕಣ್ಣಿಗೆ ಕಂಡ ಮೇಲೆಯೇ ಹೊರಡಬೇಕು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಸರ್ವೇಯರ್ ಕಾಯದೆ ಹೊರಟುಹೋಗಿದ್ದ. ಹಿಂದಿದ್ದ ಅವಳ ಅಣ್ಣ ತಪ್ಪು ಕವಲು ಹಿಡಿದು ಕೊರಕಲಿಗೆ ಉರುಳಿದ. ಜೀಪಿನಡಿ ಕಾಲು ಸಿಕ್ಕಿ, ಆರು ತಾಸು ಸುಡುಬಿಸಿಲಿನಲ್ಲಿ ಬಿದ್ದಿದ್ದ.

ಸರ್ವೇಯರನೊಡನೆ ಅವಳ ಮದುವೆಗೆ ಅಂದು ಇಪ್ಪತ್ತೇ ದಿನವಿತ್ತು. ‘ಕಾಯಲು ಬಾರದವರ ಜೊತೆ ಬಾಳಲಾರೆ’ ಎಂದು ಅವನಿಗೆ ಒಂದೇ ಸಾಲು ಬರೆದು ಎಲ್ಲವನ್ನೂ ಮುರಿದಿದ್ದಳು.

ಅಣ್ಣನ ಎಡಗಾಲು ಇನ್ನು ಕ್ಲಚ್ ತುಳಿಯದು. ಆದರೂ ಕಾಡಿನ ಹುಚ್ಚು ಬಿಟ್ಟಿರಲಿಲ್ಲ. ಅವನಿಗಾಗಿಯೇ ಅವಳು ಜೀಪ್ ಓಡಿಸಲು ಕಲಿತು, ತಾನು ಪಾಠ ಹೇಳುವ ಶಾಲೆಗೆ ರಜೆ ಬಿದ್ದೊಡನೆ, ಸರ್ವೇಯರ್ ಈ ಸಲ ಬರುವುದಿಲ್ಲವೆಂದು ನಂಬಿ, ಅಣ್ಣನನ್ನು ಕೂರಿಸಿಕೊಂಡು ಹೊರಟು ಬಂದಿದ್ದಳು. ಕ್ಲಬ್ಬಿನ ಹಿರಿಯರಾದ ಗಣಿತದ ಮೇಷ್ಟ್ರು ಗಾಡಿಗಳು ಹೊರಡುವ ಸಾಲನ್ನು ಕೂಗಿ ಹೇಳಿದರು. ನಾಲ್ಕನೆಯದು ಸರ್ವೇಯರನದು, ಕಡೆಯದು ಅವಳದು. ಅದೇ ಹಳೆಯ ಸಾಲು!

ಮಧ್ಯಾಹ್ನದ ಹೊತ್ತಿಗೆ ಸ್ಟಿಯರಿಂಗ್ ಹಿಡಿಯಲಾಗದಷ್ಟು ಕಾದಿತ್ತು. ಒಣ ಹಳ್ಳದ ಬಂಡೆಗಳನ್ನು ಏರುವಾಗ ಫಟ್ಟೆಂದು ಸದ್ದಾಗಿ, ಬಾನೆಟ್ಟಿನಿಂದ ಹಬೆ ಬುಸುಗುಟ್ಟಿತು. ರೇಡಿಯೇಟರಿನ ಪೈಪು ಒಡೆದಿತ್ತು. ಮುಂದಿನ ಗಾಡಿ ತಿರುವಿನಾಚೆ ಮರೆಯಾಗಿತ್ತು.

ವಾಕಿಟಾಕಿ ಗೊರಗುಟ್ಟಿತು. “ಕವಲು ಬಂತು. ಕಡೆಯ ಗಾಡಿ ಎಲ್ಲಿದೆ?” ಅದೇ ದನಿ.

ಅವಳು ಕೈಚಾಚುವಷ್ಟರಲ್ಲಿ ಅಣ್ಣ ಅದನ್ನು ಕಸಿದುಕೊಂಡ.

“ಹಳ್ಳ ದಾಟಿದ್ವಿ, ನಿನ್ನ ಹಿಂದೇನೇ ಇದ್ದೀವಿ, ಹೊರಡು!”

ಅವಳು ಬೆಚ್ಚಿಬಿದ್ದಳು. “ಅಣ್ಣ! ಎಲ್ಲಿ ದಾಟಿದ್ವಿ?”

“ಹತ್ತು ನಿಮಿಷದ ಕೆಲ್ಸ ಪುಟ್ಟಿ. ಪೈಪು ಕಟ್ಟಿ ಹೋಗಿ ಸೇರ್ಕೊಂಡ್ರಾಯ್ತು. ಕುಂಟ ಮತ್ತೆ ಕೆಟ್ಟು ನಿಂತ ಅಂತ ಎಲ್ರೂ ನಗಬೇಕಾ?”

ಅವನು ಅದೆಷ್ಟು ಸಲೀಸಾಗಿ ಹೇಳಿದ! ನಾಲಿಗೆಗೆ ಅಭ್ಯಾಸವಾದ ಮಾತಿನಂತೆ…

“ಆವತ್ತೂ ಹೀಗೇ ಹೇಳಿದ್ಯಾ?”

ಅಣ್ಣ ಮುಖ ತಿರುಗಿಸಿದ.

“ನನ್ನ ನೋಡಿ ಹೇಳು. ಆವತ್ತೂ ‘ದಾಟಿದೆ, ಹೊರಡು’ ಅಂದ್ಯಾ?”

“ಬಂಡೆ ಮೇಲೆ ಸಿಕ್ಕಿಹಾಕ್ಕೊಂಡಿದ್ದೆ… ನಾಚಿಕೆ ಆಯ್ತು. ಮಿಕ್ಕ ಗಾಡಿಗಳು ಗುಡ್ಡದಾಚೆ ಇದ್ವು, ನನ್ನ ಮಾತು ಅವನೊಬ್ಬನಿಗೇ ಕೇಳಿಸಿದ್ದು. ಆಮೇಲೆ ನೀವೆಲ್ಲ ಅವನನ್ನೇ ಬಯ್ಯೋಕೆ ಶುರು ಮಾಡಿದ್ರಿ. ನಂಗೆ ಬಾಯೇ ಬರ್ಲಿಲ್ಲ ಕಣೇ!”

“ಬಾಯಿ ಬರ್ಲಿಲ್ವಾ? ಒಂದು ಮದುವೆ ಮುರಿದುಬೀಳೋದನ್ನ ನೋಡ್ತಾ ಕೂತಿದ್ದಕ್ಕೆ ನಿನ್ನ ಹತ್ರ ಇರೋ ಉತ್ತರ ಇಷ್ಟೇನಾ?”

ಅವಳಿಗೆ ಸಿಟ್ಟು ಉಕ್ಕಿತು. ಅದರ ಬೆನ್ನಿಗೇ ತನ್ನ ಬಗ್ಗೆ ನಾಚಿಕೆಯೂ ಆಯಿತು. ತರಗತಿಯಲ್ಲಿ ಇಬ್ಬರು ಮಕ್ಕಳು ಜಗಳವಾಡಿದರೆ ಇಬ್ಬರ ಮಾತನ್ನೂ ಕೇಳದೆ ತೀರ್ಮಾನ ಹೇಳದವಳು, ತನ್ನ ಬಾಳಿನ ವಿಷಯದಲ್ಲಿ ಒಬ್ಬನನ್ನು ಒಂದೇ ಒಂದು ಪ್ರಶ್ನೆ ಕೇಳದೆ ಶಿಕ್ಷಿಸಿದ್ದಳು!

ಈಗಲೂ ಅವನು ಹೋಗಿಬಿಟ್ಟಿರುತ್ತಾನೆ. ಹೋಗು ಎಂದವರು ನಾವೇ ತಾನೇ…

ಆಗ ತಿರುವಿನಲ್ಲಿ ಒಂದು ಆಕೃತಿ ಕಂಡಿತು. ಎರಡೂ ಕೈಯಲ್ಲಿ ನೀರಿನ ಕ್ಯಾನು, ಬೆವರಿನಿಂದ ಮೈಗಂಟಿದ ಅಂಗಿ.

“ದಾಟಿದ್ವಿ ಅಂದ್ವಲ್ಲ… ಯಾಕೆ ಬಂದ್ರಿ?” ಎಂದು ಕೇಳಿದಳು.

“ಕಾಣಿಸ್ಲಿಲ್ಲ,” ಎಂದಷ್ಟೇ ಹೇಳಿ ಪೈಪಿನತ್ತ ಬಾಗಿದ.

“ನನಗೆ ಈಗ ಎಲ್ಲ ಗೊತ್ತಾಯ್ತು. ನೀವ್ಯಾಕೆ ಅವತ್ತೇ ಹೇಳ್ಲಿಲ್ಲ?”

ಅವನ ಕೈ ನಿಂತಿತು. “ಕಾಲು ಉಳಿಯುತ್ತೋ ಇಲ್ವೋ ಅಂತ ಅವನು ಆಸ್ಪತ್ರೇಲಿ ಮಲಗಿದ್ದ. ಅವನ ಮಂಚದ ಪಕ್ಕ ನಿಂತು ಅವನನ್ನೇ ಸುಳ್ಳ ಅನ್ನಲಾ? ಅಲ್ದೆ ಕಣ್ಣಿಂದ ನೋಡು ಅಂತ ನಿಯಮ ಇದ್ರೂ ನಾನು ಕಿವಿ ನಂಬಿದೆ. ತಪ್ಪು ನಂದೂ ಇತ್ತು. ಆಮೇಲೆ… ನೀನು ಒಂದಿನ ಬಂದು ಕೇಳ್ತೀಯ ಅಂತ ಕಾದೆ.”

“ನಾನು ಕೇಳದೆ ಇದ್ದದ್ದು ಅನ್ಯಾಯ. ಆದ್ರೆ ನೀವು ಸುಮ್ಮನಿದ್ದದ್ದು ದೊಡ್ಡತನ ಅಂದ್ಕೋಬೇಡಿ! ನನ್ನನ್ನ ಎರಡು ವರ್ಷ ಸುಳ್ಳಿನಲ್ಲಿ ಬಾಳೋಕೆ ಬಿಟ್ರಿ.”

“ಹೌದು,” ಎಂದ ಅವನು, ಕಣ್ಣು ತಪ್ಪಿಸದೆ. “ಅದೂ ತಪ್ಪೇ.”

ಅಣ್ಣ ವಾಕಿಟಾಕಿ ಎತ್ತಿಕೊಂಡ. “ಎಲ್ರೂ ಕೇಳಿಸ್ಕೊಳ್ಳಿ. ನಾವಿನ್ನೂ ಹಳ್ಳ ದಾಟಿಲ್ಲ. ಎರಡು ವರ್ಷದ ಹಿಂದೇನೂ ದಾಟಿರ್ಲಿಲ್ಲ. ದಾಟಿದೆ ಅಂತ ಸುಳ್ಳು ಹೇಳಿದ್ದು ನಾನು. ಅವನ ತಪ್ಪಲ್ಲ.”

ಬಳಿಕ ಮೇಷ್ಟ್ರ ದನಿ ಬಂದಿತು: “ಕೇಳಿಸ್ತು. ರಾತ್ರಿ ತಂಗೋ ಡೇರೆ ಹತ್ರ ಬಾ, ಕಿವಿ ಹಿಂಡ್ತೀನಿ.”

ಅಣ್ಣ ನಗಲು ಹೋಗಿ ಅತ್ತುಬಿಟ್ಟ. ಅವನನ್ನು ಸಮಾಧಾನಪಡಿಸಲು ಅವಳಿಗೆ ಆಗ ಮನಸ್ಸಾಗಲಿಲ್ಲ.

ಪೈಪಿಗೆ ರಬ್ಬರ್ ಪಟ್ಟಿ ಸುತ್ತಿ, ನೀರು ತುಂಬಿಸಿ, ಸರ್ವೇಯರ್ ತನ್ನ ಗಾಡಿಯತ್ತ ನಡೆದುಹೋದ. ಅವಳು ಇಂಜಿನ್ ತಣಿಯುವವರೆಗೆ ಕಾದು ಮೆಲ್ಲನೆ ಹೊರಟಳು. ತಿರುವಿಗೆ ಬರುವಾಗ ವಾಕಿಟಾಕಿ ತುಟಿಗೊತ್ತಿಕೊಂಡಳು. ಕ್ಲಬ್ಬಿನವರೆಲ್ಲ ಕೇಳುತ್ತಾರೆಂಬುದು ಗೊತ್ತಿತ್ತು. ಕೇಳಲಿ!

“ನಿಮ್ಮನ್ನ ಬಿಟ್ಟು ಇರೋಕೆ ನನಗಾಗಲ್ಲ ಅಂದ್ರೆ… ನಂಬ್ತೀರಾ?”

“ಇಲ್ಲ.”

ಅವಳ ಕಾಲು ಬ್ರೇಕಿನತ್ತ ಹೋಯಿತು. ಮತ್ತೆ ಅವನ ದನಿ ಬಂದಿತು:

“ರೇಡಿಯೋದಲ್ಲಿ ಕೇಳಿದ್ದನ್ನ ನಾನೀಗ ನಂಬಲ್ಲ. ಎದುರಿಗೆ ಬಂದು ಹೇಳು.”

ತಿರುವು ಕಳೆಯಿತು. ಕವಲಿನಲ್ಲಿ, ಧಗಧಗಿಸುವ ಬಿಸಿಲಿನಲ್ಲಿ, ಹಣೆಗೆ ಕೈ ಅಡ್ಡ ಹಿಡಿದು ಅವನು ನಿಂತಿದ್ದ. ಅವಳು ಜೀಪ್ ನಿಲ್ಲಿಸಿ ಇಳಿದು, ಅವನೆದುರು ಹೋಗಿ ನಿಂತಳು.

“ಈಗ ಕಾಣಿಸ್ತಿದ್ದೀನಾ?”

“ಕಾಣಿಸ್ತಿದ್ದೀಯ,” ಎಂದ. “ಇನ್ನು ಹೇಳು.”