ತಿರುಪಿಲ್ಲದ ತೂತು

ಮರದ ಪುಡಿಯನ್ನು ಒಮ್ಮೆ ಮೂಸಿದರೆ ಸಾಕು, ಆ ಮರದ ಮೇಲೆ ಯಾವ ಹಕ್ಕಿ ಕೂತಿತ್ತು, ಅದು ಯಾವ ಶ್ರುತಿಯಲ್ಲಿ ಕೂಗುತ್ತಿತ್ತು ಎಂಬುದನ್ನೂ ಪಿಯಾನೋ ರಿಪೇರಿಯವನು ಹೇಳಿಬಿಡುತ್ತಿದ್ದ. ಅವನೊಮ್ಮೆ ಸೀನಿದ್ದಕ್ಕೆ ಮೂರು ಬೀದಿಯ ಪಿಯಾನೋಗಳು ತಾವಾಗಿಯೇ ಶ್ರುತಿಗೆ ಬಂದವಂತೆ. ಇಂಥವನಿಗೆ ಒಬ್ಬ ಮುದುಕಿ ಬುದ್ಧಿ ಹೇಳುವುದೇ?

"ಒಳಗೆ ಸುತ್ತಿಗೆಗಳನ್ನ ಹೊತ್ತಿರೋ ಮರದ ಪಟ್ಟಿ ಇದೆಯಲ್ಲಪ್ಪಾ," ಎಂದರು ಪಿಯಾನೋ ತಂದಿದ್ದ ಸಂಗೀತದ ಟೀಚರಮ್ಮ. "ಅದರಲ್ಲಿ ತಿರುಪಿಲ್ಲದ ತೂತು ಒಂದಿದೆ. ಅದನ್ನ ಮಾತ್ರ ಮುಚ್ಚಬೇಡ. ನಮ್ಮಕ್ಕನಿಗೆ ಮಾಟ ಮಾಡಿಸಿ ಆ ಮರದೊಳಗೆ ಕಟ್ಟಿಹಾಕಿದಾರೆ. ಅವಳು ಉಸಿರಾಡೋದು ಅಲ್ಲಿಂದಲೇ. ಮುಚ್ಚಿದರೆ, ಮುಚ್ಚಿದವನ ಮನೇಲಿ ಉಸಿರು ಹುಡುಕ್ತಾಳೆ."

"ಹಾಗಾದ್ರೆ ಅಕ್ಕನಿಗೊಂದು ಫ್ಯಾನ್ ಹಾಕಿಸೋಣ ಬಿಡಿ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಟೀಚರಮ್ಮ ಪಿಯಾನೋವನ್ನು ಅವನ ಮನೆಯಲ್ಲೇ ಬಿಟ್ಟು ಹೊರಟುಹೋದರು.

ಸುತ್ತಿಗೆಗಳನ್ನೆಲ್ಲ ಬಿಚ್ಚಿದ. ಪಟ್ಟಿಗಂಟಿದ್ದ ಹುಳ ತಿಂದ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಕಿತ್ತ. ಹಳೆಯ ಅಂಟು ಕರಗಿ, ಚರ್ಮ ಬೇಯಿಸಿದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅದರಡಿಯಿಂದ ಮತ್ತೊಂದು ವಾಸನೆ. ಯಾರೋ ಈಗಷ್ಟೇ ತಲೆಗೆ ಎಣ್ಣೆ ಹಚ್ಚಿಕೊಂಡಂತೆ. ತಿರುಪು ಹಿಡಿಯದಷ್ಟು ಸಡಿಲವಾಗಿದ್ದ ತೂತುಗಳಿಗೆಲ್ಲ ಅಂಟಿನಲ್ಲದ್ದಿದ ಕಡ್ಡಿ ಜಡಿಯುತ್ತಾ ಬಂದ. ಮುಚ್ಚಿ ಮತ್ತೆ ಕೊರೆದರೇ ತಿರುಪು ಗಟ್ಟಿ ನಿಲ್ಲುವುದು. ನಡುವೆಲ್ಲೋ ಒಂದು ತೂತಿನ ಬಳಿ ಬೆರಳಿಗೆ ಬೆಚ್ಚಗಿನ ಗಾಳಿ ತಾಗಿತು.

"ಹುಳ ಕೊರೆದಿದೆ, ಅಷ್ಟೇ," ಎಂದುಕೊಂಡು ಅದಕ್ಕೂ ಕಡ್ಡಿ ಇಟ್ಟ. ಕಡ್ಡಿ ಹೊರಕ್ಕೆ ಜಾರಿತು. ಮತ್ತೆ ಇಟ್ಟು ಬಲವಾಗಿ ಬಡಿದ. ಅಂಟು ಒಣಗಿದ ಮೇಲೆ ಪಟ್ಟಿಯನ್ನು ಹಿಂದುಮುಂದು ತಿರುಗಿಸುತ್ತಾ ಕನ್ನಡಿಯಂತಾಗುವವರೆಗೆ ಉಜ್ಜಿದ.

ಪಕ್ಕದ ಕೋಣೆಯಲ್ಲಿ ಗೊಂಬೆಗೆ ಜಡೆ ಹೆಣೆಯುತ್ತಾ ಹಾಡುತ್ತಿದ್ದ ಮಗಳ ದನಿ ನಡುವೆಯೇ ನಿಂತಿತು.

"ರೀ! ಪುಟ್ಟಿ ಉಸಿರಾಡ್ತಿಲ್ಲ ರೀ!" ಹೆಂಡತಿ ಮಗುವನ್ನೆತ್ತಿಕೊಂಡು ಓಡಿಬಂದಳು. ಮಗುವಿನ ಬಾಯಿ ತೆರೆದಿತ್ತು. ಎದೆ ಮೇಲೇಳುತ್ತಿರಲಿಲ್ಲ. ನಿಂತುಹೋದ ಹಾಡು ಮುಂದುವರಿಯಿತು. ಮರದೊಳಗಿನಿಂದ. ಪುಟ್ಟಿಯದೇ ದನಿಯಲ್ಲಿ. ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೂ.

"ಹೆದರಬೇಡ್ವೇ! ಯಾವ ತೂತು ಅಂತ ನಂಗೊತ್ತು. ಗುರುತು ಹಾಕಿದೀನಿ. ಚಿಟಿಕೆ ಹೊಡೆಯೋದ್ರಲ್ಲಿ ತೆಗೀತೀನಿ!"

ಕೊರೆದ. ಅದಲ್ಲ. ಪಕ್ಕದ್ದು. ಅದೂ ಅಲ್ಲ. ಪುಟ್ಟಿಯ ತುಟಿ ನೀಲಿಗಟ್ಟಿತು. ಇನ್ನೊಂದು. ಬರೀ ಪುಡಿ. ಮತ್ತೊಂದು. ಕೊರೆಯುವ ಮೊಳೆ ಮುರಿಯಿತು. ಬೇರೆಯದನ್ನು ತೆಗೆದುಕೊಂಡ. ಬಲವಾಗಿ ಒತ್ತಿದ. ಪಟ್ಟಿ ಉದ್ದಕ್ಕೆ ಸೀಳಿತು. ಹಾಡು ನಿಲ್ಲಲಿಲ್ಲ.

"ಗುರುತು ಎಲ್ರೀ? ತೋರ್ಸಿ! ಎಲ್ಲಿ?"

ಅವನು ಬೆರಳಿನಿಂದ ನುಣುಪಾದ ಮರವನ್ನು ಒಮ್ಮೆ ತಡವಿದ. ಮೊದಲ ಸಲ ಅವನ ದನಿ ಸಣ್ಣದಾಯಿತು.

"ಸುಳ್ಳು ಹೇಳ್ದೆ ಕಣೇ. ಗುರುತು ಹಾಕೇ ಇಲ್ಲ. ಎಲ್ಲಿತ್ತೋ ನಂಗೂ ಗೊತ್ತಿಲ್ಲ."